ಬಿರುದೋ ಅಡ್ಡಹೆಸರೋ: ಹತ್ತೊಂಬತ್ತನೇ ಶತಮಾನದ ವ್ಯಂಗ್ಯಚಿತ್ರಗಳಲ್ಲಿ ಪ್ರಾಣಿಗಳನ್ನು ಓದುವ ಬಗೆ

ಯುರೋಪಿನ ಇತಿಹಾಸವನ್ನು ಶಾಲೆಯಲ್ಲೋ ಕಾಲೇಜಿನಲ್ಲೋ ಓದಿದವರು ಆ ಚಿತ್ರವನ್ನು ಎಲ್ಲಾದರೂ ಕಂಡಿರುತ್ತಾರೆ: ಒಂದು ಪಕ್ಕದಲ್ಲಿ ಸಿಂಹ, ಇನ್ನೊಂದು ಪಕ್ಕದಲ್ಲಿ ಕರಡಿ, ನಡುವೆ ದಿಕ್ಕು ತೋಚದೆ ನಿಂತ ಒಬ್ಬ ಮನುಷ್ಯ. ಸಿಂಹವೆಂದರೆ ಬ್ರಿಟನ್, ಕರಡಿಯೆಂದರೆ ರಷ್ಯಾ ಎಂದು ಅಡಿಟಿಪ್ಪಣಿ ಹೇಳುತ್ತದೆ, ನಾವು ಪುಟ ತಿರುಗಿಸುತ್ತೇವೆ. ಯಕ್ಷಗಾನಕ್ಕೆ ಹೋಗಿ, ರಂಗಕ್ಕೆ ಬಂದ ವೇಷ ಯಾವುದೆಂದು ಗುರುತಿಸಿದ ಕೂಡಲೇ ಎದ್ದು ಮನೆಗೆ ಬಂದಂತೆ ಇದು. ಪ್ರಸಂಗ ಶುರುವಾಗುವುದೇ ಆಮೇಲೆ.

ಇಂಥ ಒಂದು ಚಿತ್ರದ ಮುಂದೆ ಅರ್ಧ ಗಂಟೆ ಕೂತು ಅದನ್ನು ನಿಜವಾಗಿ ಓದುವುದು ಹೇಗೆಂಬುದನ್ನು ಇಲ್ಲಿ ಹಂತ ಹಂತವಾಗಿ ಹೇಳಿದ್ದೇನೆ. ಯಾವ ಪ್ರಾಣಿ ಯಾವ ದೇಶ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಒಂದೇ ಒಂದು ಪ್ರಶ್ನೆ: ಈ ಪ್ರಾಣಿಯನ್ನು ಆ ದೇಶಕ್ಕೆ ಕೊಟ್ಟವರು ಯಾರು? ತಾನೇ ಇಟ್ಟುಕೊಂಡದ್ದಾದರೆ ಅದು ಬಿರುದು, ಎದುರಾಳಿ ಅಂಟಿಸಿದ್ದಾದರೆ ಅಡ್ಡಹೆಸರು.

ಮೊದಲು ಚಿತ್ರವನ್ನು ಇಡಿಯಾಗಿ ಪಡೆಯಿರಿ

ಅಂತರ್ಜಾಲದಲ್ಲಿ ಸುತ್ತಾಡುವ ಪ್ರತಿಗಳಲ್ಲಿ ಬಹುಪಾಲು ಕತ್ತರಿಸಿದವು. ಚಿತ್ರದ ಮೇಲಿನ ತಲೆಬರಹವನ್ನೂ ಕೆಳಗಿನ ಸಂಭಾಷಣೆಯನ್ನೂ ಅಂಚಿನ ತಾರೀಖನ್ನೂ ಯಾರೋ ಅನಗತ್ಯವೆಂದು ತೆಗೆದುಹಾಕಿರುತ್ತಾರೆ. ಆ ಮೂರೂ ಇಲ್ಲದ ವ್ಯಂಗ್ಯಚಿತ್ರ ಬರೀ ಪ್ರಾಣಿಗಳ ಚಿತ್ರವೇ ಸರಿ. ಆದ್ದರಿಂದ ಮೂಲಕ್ಕೆ ಹೋಗಿ. ಲಂಡನ್ನಿನ ‘ಪಂಚ್’ ವಾರಪತ್ರಿಕೆಯ ಮತ್ತು ಬರ್ಲಿನ್ನಿನ ‘ಕ್ಲಾಡೆರಾಡಾಚ್’ ಪತ್ರಿಕೆಯ ಹಳೆಯ ಸಂಪುಟಗಳನ್ನು ಜರ್ಮನಿಯ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಪುಟಪುಟವಾಗಿ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಶತಮಾನದ ಆರಂಭದ ಬಿಡಿ ಮುದ್ರಿಕೆಗಳಿಗೆ, ಅದರಲ್ಲೂ ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇಯ ಚಿತ್ರಗಳಿಗೆ, ಬ್ರಿಟಿಷ್ ಮ್ಯೂಸಿಯಂನ ಜಾಲತಾಣವೇ ಒಳ್ಳೆಯ ಜಾಗ. ಅಲ್ಲಿ ಪ್ರತಿ ಚಿತ್ರದ ಜೊತೆ ವಿವರಣೆಯೂ ಇರುತ್ತದೆ.

ತಾರೀಖು ಸಿಕ್ಕಿದ ಮೇಲೆ ಅದನ್ನು ಹಾಗೆಯೇ ನಂಬಬೇಡಿ, ಹಿಂದಕ್ಕೆ ಎಣಿಸಿ. 1841ರಲ್ಲಿ ಶುರುವಾದ ಪಂಚ್ ಪತ್ರಿಕೆಯಲ್ಲಿ ಆ ವಾರದ ದೊಡ್ಡ ಚಿತ್ರ ಯಾವುದೆಂದು ತೀರ್ಮಾನವಾಗುತ್ತಿದ್ದುದು ಬುಧವಾರ ರಾತ್ರಿಯ ಊಟದ ಮೇಜಿನಲ್ಲಿ. ಬರಹಗಾರರೆಲ್ಲ ಸೇರಿ ವಿಷಯ ಗೊತ್ತುಮಾಡುತ್ತಿದ್ದರು. 1850ರಿಂದ 1901ರವರೆಗೆ ಅಲ್ಲಿದ್ದ ಜಾನ್ ಟೆನಿಯಲ್ ಅದನ್ನು ಎರಡು ದಿನದಲ್ಲಿ ಮರದ ಅಚ್ಚಿನ ಮೇಲೆ ಬರೆದು ಕೊಡುತ್ತಿದ್ದ, ಕೆತ್ತುವವರು ರಾತ್ರಿಯೆಲ್ಲ ಕೂತು ಕೆತ್ತುತ್ತಿದ್ದರು. ಪತ್ರಿಕೆ ಮುಂದಿನ ಬುಧವಾರ ಹೊರಬಂದರೂ ಅದರ ಮೇಲೆ ಇರುತ್ತಿದ್ದುದು ಅದರಾಚೆಯ ಶನಿವಾರದ ತಾರೀಖು. ಅಂದರೆ ಯೋಚನೆಗೂ ಮೇಲಿನ ತಾರೀಖಿಗೂ ಸುಮಾರು ಹತ್ತು ದಿನಗಳ ಅಂತರ. ಈ ಅಂತರ ಒಮ್ಮೆ ಪತ್ರಿಕೆಯ ಮಾನವನ್ನೇ ಕಳೆಯಿತು. ಸುಡಾನಿನ ಖಾರ್ಟೂಮ್ ಕೋಟೆಯಲ್ಲಿ ಸಿಕ್ಕಿಬಿದ್ದಿದ್ದ ಬ್ರಿಟಿಷ್ ಜನರಲ್ ಗಾರ್ಡನ್‌ನನ್ನು ಬಿಡಿಸಲು ಹೋದ ಸೈನ್ಯ ಅವನನ್ನು ತಲುಪಿಯೇಬಿಟ್ಟಿತೆಂದು 1885ರ ಫೆಬ್ರುವರಿ 7ರ ಸಂಚಿಕೆ ಸಂಭ್ರಮದ ಚಿತ್ರ ಹಾಕಿತು. ಆದರೆ ಕೋಟೆ ಬಿದ್ದು, ಗಾರ್ಡನ್ ಸತ್ತದ್ದು ಜನವರಿ 26ಕ್ಕೇ. ಮರುವಾರ ಅದೇ ಪತ್ರಿಕೆ ‘ತಡವಾಯಿತು’ ಎಂಬ ಹೆಸರಿನ ಶೋಕಚಿತ್ರವನ್ನು ಪ್ರಕಟಿಸಬೇಕಾಯಿತು. ಅದರಲ್ಲಿ ಪ್ರಾಣಿಗಳಿಲ್ಲ, ಆದರೂ ಇಲ್ಲಿ ಹೇಳಿದೆ. ಯಾಕೆಂದರೆ ಚಿತ್ರದ ತಾರೀಖನ್ನೇ ಘಟನೆಯ ತಾರೀಖೆಂದು ಭಾವಿಸುವುದು ಹೊಸ ಓದುಗರು ಮಾಡುವ ಮೊದಲ ತಪ್ಪು.

ಬಿರುದೋ ಅಡ್ಡಹೆಸರೋ ವಿಚಾರಿಸಿ

ಸಿಂಹದಿಂದ ಶುರುಮಾಡೋಣ. ಇಂಗ್ಲೆಂಡಿನ ರಾಜರು ಮಧ್ಯಯುಗದಿಂದಲೂ ತಮ್ಮ ಗುರಾಣಿಯ ಮೇಲೆ ಮೂರು ಸಿಂಹಗಳನ್ನು ಬರೆಸಿಕೊಂಡವರು. ಆದ್ದರಿಂದ ಅದು ಬಿರುದು. ಲಂಡನ್ನಿನ ಚಿತ್ರಕಾರ ಸಿಂಹವನ್ನು ಬರೆದಾಗ ಅದು ಕೋಪಗೊಂಡಿರಬಹುದು, ನಿದ್ದೆಹೋಗಿರಬಹುದು, ತನ್ನ ಮಂತ್ರಿಗಳ ಹೇಡಿತನಕ್ಕೆ ನಾಚಿರಬಹುದು. ಆದರೆ ನೀಚವಾಗಿರುವುದು ತೀರಾ ಅಪರೂಪ.

ಕರಡಿಯ ಕಥೆ ತದ್ವಿರುದ್ಧ. ರಷ್ಯಾದ ಸಾಮ್ರಾಜ್ಯ ಲಾಂಛನದಲ್ಲಿದ್ದುದು ಎರಡು ತಲೆಯ ಹದ್ದು ಮತ್ತು ಸರ್ಪವನ್ನು ತಿವಿಯುವ ಸಂತ ಜಾರ್ಜ್. ಕರಡಿಯನ್ನು ಕೊಟ್ಟವರು ಪಶ್ಚಿಮ ಯುರೋಪಿನವರು. ಹದಿನಾರನೇ ಶತಮಾನದ ಭೂಪಟಗಳಲ್ಲೇ ಮಾಸ್ಕೋ ಸೀಮೆಯ ಕಾಡುಗಳಲ್ಲಿ ಕರಡಿಗಳು ಓಡಾಡತೊಡಗಿದ್ದವು. ದೊಡ್ಡದು, ಒರಟು, ಚಳಿಗಾಲದಲ್ಲಿ ಮಲಗಿ ಹಸಿದು ಏಳುವಂಥದು, ಮೂಗಿಗೆ ಬಳೆ ಹಾಕಿ ಕುಣಿಸಬಹುದಾದದ್ದು ಎಂಬ ಅರ್ಥಗಳೆಲ್ಲ ಆ ಒಂದು ಅಡ್ಡಹೆಸರಿನ ಜೊತೆಗೆ ಬಂದವು. ಸಿಂಹ ಮತ್ತು ಕರಡಿ ಎದುರುಬದುರು ನಿಂತ ಚಿತ್ರವೆಂದರೆ ಒಬ್ಬ ತನ್ನ ಬಿರುದಿನಲ್ಲಿಯೂ ಇನ್ನೊಬ್ಬ ತನಗೆ ಬಿದ್ದ ಅಡ್ಡಹೆಸರಿನಲ್ಲಿಯೂ ಕಾಣಿಸಿಕೊಂಡ ಸಭೆ. ಬಹುಮಟ್ಟಿಗೆ ತೀರ್ಪು ಅಲ್ಲಿಯೇ ಆಗಿಹೋಗಿರುತ್ತದೆ.

ಅಡ್ಡಹೆಸರು ಬಿರುದಾಗುವುದೂ ಉಂಟು. ಲ್ಯಾಟಿನ್ನಿನಲ್ಲಿ ‘ಗ್ಯಾಲಸ್’ ಎಂದರೆ ಗಾಲ್ ದೇಶದವನೂ (ಗಾಲ್ ಎಂಬುದು ಫ್ರಾನ್ಸಿನ ಹಳೆಯ ಹೆಸರು) ಹೌದು, ಹುಂಜವೂ ಹೌದು. ಈ ಶ್ಲೇಷೆಯನ್ನು ಹಿಡಿದು ನೆರೆಹೊರೆಯವರು ಫ್ರೆಂಚರನ್ನು ಗೇಲಿ ಮಾಡುತ್ತಿದ್ದರು. ಫ್ರೆಂಚರು ಅದನ್ನೇ ಎತ್ತಿಕೊಂಡರು. 1830ರ ಜುಲೈ ಕ್ರಾಂತಿಯ ನಂತರ ಹುಂಜ ರಾಷ್ಟ್ರೀಯ ರಕ್ಷಣಾ ದಳದ ಬಾವುಟಗಳನ್ನೂ ಸಮವಸ್ತ್ರದ ಗುಂಡಿಗಳನ್ನೂ ಏರಿತು. ಹೀಗಾಗಿ ಹುಂಜ ಕಂಡಾಗಲೆಲ್ಲ ಚಿತ್ರ ಪ್ಯಾರಿಸ್ಸಿನದೋ ಬೇರೆ ಊರಿನದೋ ಎಂದು ನೋಡಲೇಬೇಕು. ಒಂದೇ ಹುಂಜ ಒಂದು ಕಡೆ ಮುಂಜಾವನ್ನು ಕೂಗಿ ಕರೆಯುತ್ತದೆ, ಇನ್ನೊಂದು ಕಡೆ ತಿಪ್ಪೆಯ ಮೇಲೆ ನಿಂತು ಬೀಗುತ್ತದೆ.

ಇನ್ನು ಕೆಲವು ಪ್ರಾಣಿಗಳು ಒಂದು ಭಾಷೆಯೊಳಗೆ ಮಾತ್ರ ಬದುಕುತ್ತವೆ. ಆಟೋಮನ್ ಸಾಮ್ರಾಜ್ಯವನ್ನು ಕೊಬ್ಬಿದ ಟರ್ಕಿ ಕೋಳಿಯಾಗಿ ಬರೆಯುವುದು ಇಂಗ್ಲಿಷಿನ ಶ್ಲೇಷೆ. ಕನ್ನಡದಲ್ಲೂ ಆ ಹಕ್ಕಿಗೆ ಟರ್ಕಿ ಕೋಳಿ ಎಂದೇ ಹೆಸರಿರುವುದರಿಂದ ನಮಗೆ ನಗು ತಟ್ಟನೆ ಬರುತ್ತದೆ. ಫ್ರೆಂಚಿನಲ್ಲಿ ಮಾತ್ರ ಅದು ‘ಭಾರತದ ಹಕ್ಕಿ’. ಟರ್ಕರ ಭಾಷೆಯಲ್ಲಂತೂ ಅದರ ಹೆಸರೇ ‘ಹಿಂದಿ’. ಇಸ್ತಾಂಬುಲ್ಲಿನ ಓದುಗನಿಗೆ ಆ ಚಿತ್ರದಲ್ಲಿ ಕಾಣುವುದು ತನ್ನ ದೇಶವಲ್ಲ, ನಮ್ಮ ದೇಶದ ಹೆಸರು ಹೊತ್ತ ಒಂದು ಕೋಳಿ.

ಹದ್ದುಗಳನ್ನು ಬೇರ್ಪಡಿಸಿ

ಕನ್ನಡದ ಓದುಗರು ಎಡವುವುದು ಹೆಚ್ಚಾಗಿ ಇಲ್ಲಿ. ಎರಡು ತಲೆಯ ಹಕ್ಕಿಯನ್ನು ಕಂಡ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮೈಸೂರು ಒಡೆಯರ ಗಂಡಭೇರುಂಡ. ಸರ್ಕಾರಿ ಲಾಂಛನದಲ್ಲಿ ದಿನವೂ ನೋಡುವ ಹಕ್ಕಿ ಅದು. ಆ ಪರಿಚಯವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಯುರೋಪಿನ ಚಿತ್ರಗಳಲ್ಲಿ ಎರಡು ತಲೆಯ ಹದ್ದು ಇಬ್ಬರದು, ಆಸ್ಟ್ರಿಯಾದ್ದು ಮತ್ತು ರಷ್ಯಾದ್ದು. ಎದೆಯ ಮೇಲೆ ಕುದುರೆ ಸವಾರ ಇದ್ದರೆ ರಷ್ಯಾ. ಒಂದೇ ತಲೆಯ, ರೆಕ್ಕೆ ಹರಡಿದ ಕಪ್ಪು ಹದ್ದು ಪ್ರಷ್ಯಾದ್ದು, 1871ರ ನಂತರ ಜರ್ಮನ್ ಸಾಮ್ರಾಜ್ಯದ್ದು. ಕಾಲಿನಲ್ಲಿ ಸಿಡಿಲನ್ನು ಹಿಡಿದು, ರೋಮನ್ ಸೈನ್ಯದ ಧ್ವಜದಂಡದ ಮೇಲಿನ ಹಕ್ಕಿಯಂತೆ ಪಕ್ಕಕ್ಕೆ ತಿರುಗಿ ಕೂತಿದ್ದರೆ ಅದು ನೆಪೋಲಿಯನ್ನನದು. ಅವನು 1804ರಲ್ಲಿ ಚಕ್ರವರ್ತಿಯಾದಾಗ ಆರಿಸಿಕೊಂಡ ಬಿರುದು ಅದು.

ಹದ್ದು ಬಿರುದಾದ್ದರಿಂದ ಅದನ್ನು ಹಂಗಿಸಲು ಚಿತ್ರಕಾರನಿಗೆ ಹೊಸ ಪ್ರಾಣಿ ಬೇಕಿಲ್ಲ, ಇರುವುದನ್ನೇ ಸ್ವಲ್ಪ ಕೆಡಿಸಿದರೆ ಸಾಕು. 1870ರಲ್ಲಿ ಮೂರನೇ ನೆಪೋಲಿಯನ್ ಪ್ರಷ್ಯಾದ ಎದುರು ಸೋತು ಸೆರೆಯಾದ ಮೇಲೆ ಪ್ಯಾರಿಸ್ಸಿನ ಪಾಲ್ ಹಾಡೋಲ್ ಚಕ್ರವರ್ತಿಯ ಇಡೀ ಪರಿವಾರವನ್ನು ಮೃಗಾಲಯವನ್ನಾಗಿಸಿದ ಚಿತ್ರಮಾಲೆಯನ್ನು ತಂದ. ಅದರಲ್ಲಿ ಹದ್ದಿನ ಜಾಗದಲ್ಲಿ ಕೂತಿರುವುದು ರಣಹದ್ದು. ಕೊಕ್ಕು ಅದೇ, ರೆಕ್ಕೆ ಅದೇ, ತಿನ್ನುವುದು ಮಾತ್ರ ಹೆಣ. ಲಾಂಛನದ ಹಕ್ಕಿಯ ಪುಕ್ಕ ಉದುರಿದೆಯೇ, ಕುತ್ತಿಗೆ ಬೋಳಾಗಿದೆಯೇ, ಒಂದು ತಲೆ ಇನ್ನೊಂದರ ಮೇಲೆ ಮುನಿಸಿಕೊಂಡಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡುವುದು ಇದಕ್ಕಾಗಿ.

ಪ್ರಾಣಿಯನ್ನು ಬಿಟ್ಟು ಅದು ಮಾಡುತ್ತಿರುವುದನ್ನು ನೋಡಿ

ಗುರುತು ಹಿಡಿದಾದ ಮೇಲೆ ಪ್ರಾಣಿಯ ಹೆಸರನ್ನು ಮರೆತು ಕ್ರಿಯಾಪದವನ್ನು ಬರೆದುಕೊಳ್ಳಿ: ಅಪ್ಪುತ್ತಿದೆ, ಮೂಸುತ್ತಿದೆ, ಕಾಯುತ್ತಿದೆ, ಜಗ್ಗುತ್ತಿದೆ. ನಂಟು ಕಾಣುವುದು ಕ್ರಿಯೆಯಲ್ಲಿ.

1853ರ ಏಪ್ರಿಲ್ 9ರ ಪಂಚ್ ಚಿತ್ರವನ್ನು ತೆಗೆದುಕೊಳ್ಳಿ. ಕರಡಿಯೊಂದು ಟರ್ಕಿ ಕೋಳಿಯನ್ನು ಎರಡೂ ಕೈಗಳಿಂದ ಬಾಚಿ ತಬ್ಬಿಕೊಂಡಿದೆ. ಕಚ್ಚಿಲ್ಲ, ಪರಚಿಲ್ಲ. ರಷ್ಯಾದ ರಾಯಭಾರಿ ಮೆನ್ಶಿಕೋವ್ ಆಗ ಇಸ್ತಾಂಬುಲ್ಲಿನಲ್ಲಿದ್ದು, ಸುಲ್ತಾನನ ಆರ್ಥೊಡಾಕ್ಸ್ ಕ್ರೈಸ್ತ ಪ್ರಜೆಗಳನ್ನು ರಕ್ಷಿಸುವ ಹಕ್ಕು ತನ್ನ ದೊರೆಗೆ ಬೇಕೆಂದು ಪಟ್ಟುಹಿಡಿದಿದ್ದ. ರಕ್ಷಣೆ ಎಂಬ ಮಾತಿನ ಹಿಂದೆ ಉಸಿರುಗಟ್ಟಿಸುವ ಹಿಡಿತವಿದೆ ಎಂಬುದನ್ನು ಆ ಅಪ್ಪುಗೆ ಒಂದೇ ನೋಟಕ್ಕೆ ಹೇಳುತ್ತದೆ. ನಮ್ಮಲ್ಲಿ ಧೃತರಾಷ್ಟ್ರನ ಆಲಿಂಗನ ಎನ್ನುವ ಮಾತಿನ ತೂಕವೇ ಅದಕ್ಕೂ ಇದೆ. ಬ್ರಿಟನ್ ಮತ್ತು ಫ್ರಾನ್ಸ್ ಈ ಜಗಳದಲ್ಲಿ ರಷ್ಯಾದ ಮೇಲೆ ಯುದ್ಧ ಸಾರಿದ್ದು 1854ರ ಮಾರ್ಚ್ ಕೊನೆಯಲ್ಲಿ, ಚಿತ್ರ ಬಂದು ಹೆಚ್ಚುಕಡಿಮೆ ಒಂದು ವರ್ಷದ ನಂತರ. ಆದ್ದರಿಂದ ಇದನ್ನು ಕ್ರಿಮಿಯಾ ಯುದ್ಧದ ಚಿತ್ರವೆಂದು ಕರೆಯುವುದು ತಪ್ಪು.

ಸರಪಳಿ, ಕೊರಳಪಟ್ಟಿ, ಬಾಯಿಬುಟ್ಟಿಗಳಿಗೆ ವಿಶೇಷ ಗಮನ ಕೊಡಿ. ಗಿಲ್ರೇ 1808ರ ಸೆಪ್ಟೆಂಬರ್ 24ರಂದು ಪ್ರಕಟಿಸಿದ ‘ಮೃತ್ಯುಛಾಯೆಯ ಕಣಿವೆ’ಯಲ್ಲಿ ನೆಪೋಲಿಯನ್ ಕಡಿದಾದ ಹಾದಿಯಲ್ಲಿ ಸಿಕ್ಕಿಬಿದ್ದಿದ್ದಾನೆ. ಸುತ್ತ ಬ್ರಿಟನ್ನಿನ ಸಿಂಹ, ಸಿಸಿಲಿಯ ನಾಯಿ, ಪೋರ್ಚುಗಲ್ಲಿನ ತೋಳ, ನೆಪೋಲಿಯನ್ನನ ಹಿಡಿತದಲ್ಲಿದ್ದ ಜರ್ಮನ್ ಸಂಸ್ಥಾನಗಳ ರೈನ್ ಒಕ್ಕೂಟದ ಇಲಿಗಳು, ಡಚ್ಚರ ಕಪ್ಪೆಗಳು, ಅಮೆರಿಕದ ಬುಡಬುಡಿಕೆ ಹಾವು. ಒಂದು ಸಂತೆಯೇ ನೆರೆದಿದೆ. ಆದರೆ ಕಣ್ಣಿಡಬೇಕಾದದ್ದು ಎರಡು ಸರಪಳಿಗಳ ಮೇಲೆ. ಪೋರ್ಚುಗಲ್ಲಿನ ತೋಳ ಸರಪಳಿ ಕಡಿದುಕೊಂಡು ಬಂದಿದೆ, ರಷ್ಯಾದ ಕರಡಿಯ ಸರಪಳಿ ಇನ್ನೂ ಹಾಗೆಯೇ ಇದೆ. ಆ ಬೇಸಗೆಯಲ್ಲಿ ಪೋರ್ಚುಗಲ್ ದಂಗೆ ಎದ್ದಿತ್ತು, ಆಗಸ್ಟ್ 21ರಂದು ವಿಮೇರೊದಲ್ಲಿ ಫ್ರೆಂಚರು ಸೋತಿದ್ದರು. ರಷ್ಯಾದ ದೊರೆ ಅಲೆಕ್ಸಾಂಡರ್ ಮಾತ್ರ 1807ರ ಟಿಲ್ಸಿಟ್ ಒಪ್ಪಂದದಿಂದ ನೆಪೋಲಿಯನ್ನನ ಮಿತ್ರನಾಗಿಯೇ ಉಳಿದಿದ್ದ. ಚಿತ್ರ ಹೊರಬಂದ ಮೂರೇ ದಿನಕ್ಕೆ ಇಬ್ಬರೂ ಎರ್ಫುರ್ಟ್ ನಗರದಲ್ಲಿ ಮತ್ತೆ ಭೇಟಿಯಾದರು. ಆ ಸರಪಳಿ ಎಷ್ಟು ದಿನ ತಡೆದೀತು ಎಂಬ ಲಂಡನ್ನಿನ ಕುತೂಹಲವೆಲ್ಲ ಚಿತ್ರದ ಮೂಲೆಯ ಆ ಕೆಲವು ಗೆರೆಗಳಲ್ಲಿದೆ.

ಮನುಷ್ಯರೂಪ ಯಾರಿಗೆ ಸಿಕ್ಕಿದೆ?

ಮೊದಲಿಗೆ ಹೇಳಿದ ಚಿತ್ರಕ್ಕೆ ಈಗ ಬರೋಣ. ಅದು 1878ರ ನವೆಂಬರ್ 30ರ ಪಂಚ್‌ನಲ್ಲಿ ಬಂದ ಟೆನಿಯಲ್‌ನ ಚಿತ್ರ. ನಡುವೆ ನಿಂತವನು ಅಫ್ಘಾನಿಸ್ತಾನದ ಅಮೀರ ಶೇರ್ ಅಲಿ, ಕೆಳಗಿನ ಸಾಲು ‘ನನ್ನ ಗೆಳೆಯರಿಂದ ನನ್ನನ್ನು ಕಾಪಾಡಿ’ ಎಂದು. ಹತ್ತು ದಿನ ಹಿಂದಕ್ಕೆ ಎಣಿಸಿದರೆ ನವೆಂಬರ್ 20, ಬುಧವಾರ. ಬ್ರಿಟಿಷರು ಅಮೀರನಿಗೆ ಕೊಟ್ಟ ಗಡುವು ಮುಗಿದದ್ದು ಅದೇ ದಿನ, ಅವರ ಸೈನ್ಯ ಗಡಿ ದಾಟಿದ್ದು ಮರುದಿನ. ಇದಕ್ಕೆ ಮುಂಚೆ ಜುಲೈಯಲ್ಲಿ ರಷ್ಯಾದ ನಿಯೋಗವೊಂದು ಕಾಬೂಲಿಗೆ ಕರೆಯದೇ ಬಂದಿತ್ತು. ತಮ್ಮ ನಿಯೋಗವನ್ನೂ ಬರಮಾಡಿಕೊಳ್ಳಬೇಕೆಂದು ಬ್ರಿಟಿಷರು ಹಟ ಹಿಡಿದು ಕಳಿಸಿದವರನ್ನು ಸೆಪ್ಟೆಂಬರ್‌ನಲ್ಲಿ ಖೈಬರ್ ಕಣಿವೆಯಲ್ಲೇ ತಡೆಯಲಾಗಿತ್ತು.

ಎರಡು ಸಾಮ್ರಾಜ್ಯಗಳು ಮೃಗಗಳಾಗಿವೆ, ಚಿಕ್ಕ ದೇಶದ ಅರಸ ಮನುಷ್ಯನಾಗಿ ಉಳಿದಿದ್ದಾನೆ. ಇದು ಗೌರವವೇ, ಅಸಹಾಯಕತೆಯೇ? ನನಗೆ ಎರಡೂ ಕಾಣುತ್ತದೆ. ಮೃಗಗಳು ಒಂದನ್ನೊಂದು ಹರಿಯುತ್ತಿಲ್ಲ, ಎರಡಕ್ಕೂ ಅವನ ಮೇಲೇ ಪ್ರೀತಿ. ಇನ್ನೊಂದು ಸ್ವಾರಸ್ಯ ಲಂಡನ್ನಿನ ಓದುಗರಿಗಿಂತ ನಮಗೆ ಬೇಗ ಹೊಳೆಯುತ್ತದೆ: ‘ಶೇರ್’ ಎಂದರೇ ಸಿಂಹ. ಹೆಸರಿನಲ್ಲಿ ಸಿಂಹವಿರುವವನು ಮನುಷ್ಯನಾಗಿ ನಡುಗುತ್ತಾನೆ, ಬಿರುದಿನಲ್ಲಿ ಸಿಂಹವಿರುವವರು ಪಂಜ ಚಾಚುತ್ತಾರೆ. ಶೇರ್ ಅಲಿ ಮುಂದಿನ ಫೆಬ್ರುವರಿಯಲ್ಲಿ, ರಷ್ಯಾದ ನೆರವು ಸಿಗದೆ, ಮಜಾರ್-ಎ-ಶರೀಫ್‌ನಲ್ಲಿ ತೀರಿಕೊಂಡ.

ಇದೇ ಟೆನಿಯಲ್ 1857ರ ಆಗಸ್ಟ್ 22ರ ಸಂಚಿಕೆಗೆ ಬರೆದ ಚಿತ್ರವನ್ನು ಇದರ ಪಕ್ಕಕ್ಕಿಟ್ಟು ನೋಡಿ. ಅಲ್ಲಿ ಭಾರತದ ದಂಗೆ ಬಂಗಾಳದ ಹುಲಿಯಾಗಿದೆ; ಅದರ ಕಾಲ ಕೆಳಗೆ ಒಬ್ಬ ಹೆಂಗಸು ಮತ್ತು ಮಗು, ಮೇಲೆರಗುತ್ತಿರುವ ಬ್ರಿಟನ್ನಿನ ಸಿಂಹ. ದಂಗೆಯೆದ್ದವರಿಗೆ ಮನುಷ್ಯರೂಪ ಸಿಕ್ಕಿಲ್ಲ, ಆದ್ದರಿಂದ ಅವರ ದೂರುಗಳಿಗೂ ಚಿತ್ರದಲ್ಲಿ ಜಾಗವಿಲ್ಲ.

ಸಿಂಹ ಹುಲಿಯನ್ನು ಮೆಟ್ಟುವ ಈ ಆಕೃತಿ ನಮ್ಮ ನೆಲದಿಂದಲೇ ಹೋದದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನಿಕರಿಗಾಗಿ ಪದಕವೊಂದನ್ನು ಟಂಕಿಸಿ 1808ರಲ್ಲಿ ಹಂಚಿತು, ದರ್ಜೆಗೆ ತಕ್ಕಂತೆ ಚಿನ್ನದಿಂದ ತವರದವರೆಗೆ. ಅದರ ಒಂದು ಮುಖದಲ್ಲಿ ಸಿಂಹವು ಹುಲಿಯನ್ನು ಅದುಮಿ ಹಿಡಿದಿದೆ. ಹುಲಿ ಟಿಪ್ಪು ತಾನೇ ಆರಿಸಿಕೊಂಡ ಬಿರುದು. ಸಿಂಹಾಸನ, ಫಿರಂಗಿ, ಸೈನಿಕರ ಉಡುಪುಗಳ ಮೇಲೆಲ್ಲ ಅದರ ಗುರುತಿತ್ತು. ಪದಕದ ಸಿಂಹದ ಮೇಲಿನ ಬಾವುಟದಲ್ಲಿ ಅರಬ್ಬಿಯಲ್ಲಿ ಬರೆದ ಸಾಲು ‘ದೇವರ ಸಿಂಹವೇ ಜಯಶಾಲಿ’ ಎಂದು. ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸಿಕೊಳ್ಳುತ್ತಿದ್ದ ಸಾಲೇ ಅದು. ಗೆದ್ದವರು ಕೋಟೆಯ ಜೊತೆಗೆ ಆ ಮಾತನ್ನೂ ಎತ್ತಿಕೊಂಡು ಹೋದರು. ಲಂಡನ್ನಿನ ಕಂಪನಿ ಕಚೇರಿಯಲ್ಲಿ ಟಿಪ್ಪುವಿನ ಮರದ ಹುಲಿಯೂ ಪ್ರದರ್ಶನಕ್ಕಿತ್ತು. 1857ರ ಚಿತ್ರವನ್ನು ನೋಡಿದ ಲಂಡನ್ನಿಗರಿಗೆ ಹುಲಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಲಾಂಛನದಲ್ಲಿಲ್ಲದ ಪ್ರಾಣಿ ಬಂದರೆ

ಕೆಲವೊಮ್ಮೆ ಯಾರ ಬಿರುದೂ ಅಲ್ಲದ, ಹಳೆಯ ಅಡ್ಡಹೆಸರೂ ಅಲ್ಲದ ಪ್ರಾಣಿ ಬರುತ್ತದೆ. ಆಗ ಹಳೆಯ ಪ್ರಾಣಿ ಯಾಕೆ ಸಾಲಲಿಲ್ಲ ಎಂದು ಕೇಳಿ. ರಷ್ಯಾ-ಟರ್ಕಿ ಯುದ್ಧ ನಡೆದ 1877ರಲ್ಲಿ ಫ್ರೆಡ್ ರೋಸ್ ಎಂಬಾತ ಲಂಡನ್ನಿನಲ್ಲಿ ಪ್ರಕಟಿಸಿದ ಯುರೋಪಿನ ವಿನೋದ ಭೂಪಟದಲ್ಲಿ ಉಳಿದ ದೇಶಗಳೆಲ್ಲ ಹೆಚ್ಚಾಗಿ ಮನುಷ್ಯರು, ರಷ್ಯಾ ಮಾತ್ರ ಅಷ್ಟಪಾದಿ. ಕರಡಿಗೆ ನಾಲ್ಕೇ ಕಾಲು. ಒಂದು ಸಲಕ್ಕೆ ಒಬ್ಬರನ್ನು ಅಪ್ಪಬಲ್ಲದು. ಪೋಲೆಂಡ್, ಟರ್ಕಿ, ಪರ್ಷಿಯಾಗಳನ್ನು ಏಕಕಾಲಕ್ಕೆ ಸುತ್ತಬೇಕಾದಾಗ, ಅದೂ ಭೂಪಟದ ಮೇಲೆ, ಉದ್ದುದ್ದ ಬಾಹುಗಳೇ ಬೇಕು. ಕ್ರಿಮಿಯಾ ಯುದ್ಧದಲ್ಲಿ ತಗುಲಿದ ಗಾಯವನ್ನು ಅದು ಮರೆತಿದೆ ಎಂದು ಪಟದ ಟಿಪ್ಪಣಿ ಹೇಳುತ್ತದೆ. ರಷ್ಯಾ ಜಪಾನಿನ ಮೇಲೆ ಯುದ್ಧದಲ್ಲಿದ್ದ 1904ರಲ್ಲಿ ಟೋಕಿಯೋದ ವಿದ್ಯಾರ್ಥಿಯೊಬ್ಬ ಇದೇ ಅಷ್ಟಪಾದಿಯನ್ನು ಎರವಲು ಪಡೆದು ಏಷ್ಯಾದವರೆಗೂ ಬಾಹು ಚಾಚಿಸಿದ. ಮುಂದೆ ಯಾರು ಯಾರ ಮೇಲೆ ಬೇಕಾದರೂ ಎಸೆಯಬಹುದಾದ ಪ್ರಾಣಿಯಾಯಿತು ಅದು.

ಒಂದು ಬೆಕ್ಕಿನ ಮೇಲೆ ಅಭ್ಯಾಸ

ಈಗ ನೀವೇ ಓದಲು ಎರಡು ಚಿತ್ರಗಳನ್ನು ಸೂಚಿಸುತ್ತೇನೆ. ಶತಮಾನದ ಗಡಿ ದಾಟಿದ್ದರೂ ಎರಡೂ ಅದೇ ಸಿಂಹ, ಅದೇ ಕರಡಿ. ಮೊದಲನೆಯದು 1907ರ ಅಕ್ಟೋಬರ್ 2ರ ಪಂಚ್‌ನದು. ನಡುವೆ ಪರ್ಷಿಯಾದ ಬೆಕ್ಕು. ಪರ್ಷಿಯನ್ ಬೆಕ್ಕೆಂಬ ತಳಿಯ ಹೆಸರೇ ಇಲ್ಲಿ ಅಡ್ಡಹೆಸರು. ನೀನು ತಲೆಯ ಜೊತೆ ಆಡು, ನಾನು ಬಾಲದ ಜೊತೆ ಆಡುತ್ತೇನೆ, ನಡುಬೆನ್ನನ್ನು ಇಬ್ಬರೂ ಸವರೋಣ ಎಂದು ಸಿಂಹ ಕರಡಿಗೆ ಹೇಳುತ್ತದೆ. ತನ್ನನ್ನು ಯಾರೂ ಕೇಳಿದ ನೆನಪಿಲ್ಲ ಎನ್ನುತ್ತದೆ ಬೆಕ್ಕು. ಆ ವರ್ಷದ ಆಗಸ್ಟ್ 31ರ ಆಂಗ್ಲೋ-ರಷ್ಯನ್ ಒಪ್ಪಂದದ ಭೂಪಟವನ್ನು ತೆರೆದು ಬೆಕ್ಕಿನ ಪಕ್ಕಕ್ಕಿಡಿ: ಉತ್ತರ ಭಾಗ ರಷ್ಯಾದ ಪ್ರಭಾವಕ್ಕೆ, ಆಗ್ನೇಯ ಮೂಲೆ ಬ್ರಿಟನ್ನಿನದಕ್ಕೆ, ನಡುವಿನ ಪಟ್ಟಿ ತಟಸ್ಥ.

ಎರಡನೆಯದು 1911ರ ಡಿಸೆಂಬರ್ 13ರದು. ಪರ್ಷಿಯಾ ನೇಮಿಸಿಕೊಂಡಿದ್ದ ಅಮೆರಿಕನ್ ಖಜಾಂಚಿ ಮಾರ್ಗನ್ ಶುಸ್ಟರ್‌ನನ್ನು ಕಿತ್ತುಹಾಕಬೇಕೆಂದು ರಷ್ಯಾ ನವೆಂಬರಿನಲ್ಲಿ ಅಂತಿಮ ಎಚ್ಚರಿಕೆ ಕೊಟ್ಟಿತ್ತು. ನಮ್ಮಿಬ್ಬರ ನಡುವೆ ಇಷ್ಟು ಒಳ್ಳೆಯ ತಿಳಿವಳಿಕೆ ಇಲ್ಲದೇ ಹೋಗಿದ್ದರೆ, ನಮ್ಮ ಪುಟ್ಟ ಗೆಳೆಯನ ಜೊತೆ ನೀನು ಏನು ಮಾಡುತ್ತಿದ್ದೀಯೆ ಎಂದು ಕೇಳಿಯೇಬಿಡುತ್ತಿದ್ದೆನೇನೋ ಎಂದು ಸಿಂಹ ಕರಡಿಗೆ ಬಹಳ ಸಭ್ಯವಾಗಿ ಹೇಳುತ್ತದೆ. ಆ ಮಾತಿನ ನಯಕ್ಕೆ ಮರುಳಾಗದೆ ಕರಡಿ ಎಲ್ಲಿ ಕೂತಿದೆ ನೋಡಿ. ಬೆಕ್ಕಿನ ಬಾಲದ ಮೇಲೆ ಕೂತಿದೆ. ನಾಲ್ಕು ವರ್ಷಗಳ ಹಿಂದೆ ಸಿಂಹ ತನ್ನ ಪಾಲಿಗೆಂದು ಕೇಳಿ ಪಡೆದದ್ದು ಆ ಬಾಲವನ್ನೇ.